ಚಾಕು, ಬೆರಳು ಮತ್ತು ‘ಕೊಯ್ದದ್ದು’: ಅಥೆನ್ಸ್‌ನಿಂದ ಪ್ಯಾರಿಸ್‌ಗೆ ಬಂದ ಒಂದು ಸ್ಟೋಯಿಕ್ ವಿಚಾರ

ಕಳೆದ ಸಂಚಿಕೆಯಲ್ಲಿ ಮಾರ್ಕಸ್ ಔರೇಲಿಯಸ್ ಬಗ್ಗೆ ಮಾತಾಡಿದ ಮೇಲೆ ಕೇಳುಗರೊಬ್ಬರು ಒಂದು ಸಣ್ಣ ಮೆಸೇಜ್ ಕಳಿಸಿದ್ದರು. “ಆಗಿದ್ದನ್ನು ಒಪ್ಪಿಕೋ ಅಂತ ಚಕ್ರವರ್ತಿ ಹೇಳೋದು ಸುಲಭ. ಕೆಲಸ ಹೋದವರಿಗೆ, ಹಾಸಿಗೆ ಹಿಡಿದವರಿಗೆ ಅದೇ ಮಾತು ಹೇಳಿದರೆ ಅದು ತತ್ವವಾ, ಇಲ್ಲ ಬಾಯಿ ಮುಚ್ಚಿಸೋ ಉಪಾಯವಾ?” ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾಕಂದ್ರೆ ಎರಡು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡಿದ್ದೆ. ಆ ಕಥೆ ಕೊನೆಗೆ ಹೇಳ್ತೇನೆ.

ಆ್ಯಪ್‌ಗಳಲ್ಲಿ, ಏರ್‌ಪೋರ್ಟ್ ಪುಸ್ತಕದಂಗಡಿಗಳಲ್ಲಿ ನಮಗೆ ಸಿಗುವ ಸ್ಟೋಯಿಕ್ ತತ್ವ ಪೂರ್ತಿಯದ್ದಲ್ಲ. ಸ್ಟೋಯಿಕರು ತಮ್ಮ ತತ್ವಶಾಸ್ತ್ರವನ್ನು ಒಂದು ಹೊಲಕ್ಕೆ ಹೋಲಿಸುತ್ತಿದ್ದರು. ತರ್ಕ ಅದರ ಬೇಲಿ. ಜಗತ್ತು ಏನು, ಹೇಗಿದೆ ಎಂಬ ವಿಚಾರ ಅದರ ಮಣ್ಣು. ನೀತಿ ಅದರ ಫಸಲು. ನಮ್ಮ ಕೈಗೆ ಬರುತ್ತಿರುವುದು ತೊಳೆದು ಪ್ಯಾಕ್ ಮಾಡಿದ ಫಸಲು ಮಾತ್ರ. ಇವತ್ತಿನ ಬರಹ ಮಣ್ಣಿನ ಬಗ್ಗೆ. ಆ ಮಣ್ಣಿನಲ್ಲಿದ್ದ ಒಂದು ವಿಚಿತ್ರ ವಿಚಾರ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಪ್ಯಾರಿಸ್‌ನಲ್ಲಿ ಮತ್ತೆ ಮೊಳಕೆಯೊಡೆಯಿತು. ಮೇಲಿನ ಪ್ರಶ್ನೆಗೆ ಉತ್ತರ ಇರೋದು ಅಲ್ಲೇ ಅಂತ ನನಗನ್ನಿಸುತ್ತದೆ.

ಹೊರಗಿನಿಂದ ಬಂದವರ ಶಾಲೆ

ಸ್ಟೋಯಿಕ್ ಶಾಲೆ ಕಟ್ಟಿದ ಝೀನೋ ಅಥೆನ್ಸಿನವನಲ್ಲ. ಅವನ ಊರು ಸೈಪ್ರಸ್ ದ್ವೀಪದ ಕಿಟಿಯಾನ್. ಇವತ್ತು ಆ ಜಾಗ ಲಾರ್ನಕ ನಗರದೊಳಗಿದೆ. ಗ್ರೀಕರೂ ಫಿನೀಷಿಯನ್ನರೂ ಬೆರೆತು ಬದುಕುತ್ತಿದ್ದ ವ್ಯಾಪಾರದ ಊರು ಅದು. ಹಡಗು ಒಡೆದು, ಸರಕು ಕಳೆದುಕೊಂಡು ಅವನು ಅಥೆನ್ಸ್ ಸೇರಿದ, ಅಲ್ಲಿ ಒಂದು ಪುಸ್ತಕದಂಗಡಿಯಲ್ಲಿ ಸಾಕ್ರಟೀಸನ ಬಗ್ಗೆ ಯಾರೋ ಓದುವುದನ್ನು ಕೇಳಿ ತತ್ವಶಾಸ್ತ್ರಕ್ಕೆ ಬಿದ್ದ ಅಂತ ಡಯೋಜಿನೀಸ್ ಲಯೇರ್ಶಿಯಸ್ ಕಥೆ ಹೇಳುತ್ತಾನೆ. ಕ್ರಿ.ಪೂ. 300ರ ಸುಮಾರಿಗೆ ಝೀನೋ ನಗರದ ಮಧ್ಯದ ಅಗೋರಾದ ಅಂಚಿನಲ್ಲಿದ್ದ ಒಂದು ಕಂಬಸಾಲಿನ ಮೊಗಸಾಲೆಯಲ್ಲಿ ಪಾಠ ಹೇಳಲು ಶುರುಮಾಡಿದ. ಅದರ ಹೆಸರು ಸ್ಟೋವಾ ಪೊಯಿಕಿಲೆ, ಅಂದರೆ ಚಿತ್ರಗಳ ಮೊಗಸಾಲೆ. ಗೋಡೆಯ ಮೇಲಿನ ಚಿತ್ರಗಳಲ್ಲಿ ಮ್ಯಾರಥಾನ್ ಕದನದ್ದೂ ಒಂದು. ‘ಸ್ಟೋವಾ’ದಲ್ಲಿ ಸೇರುತ್ತಿದ್ದವರಾದ್ದರಿಂದ ಇವರು ಸ್ಟೋಯಿಕರು.

ಝೀನೋನ ನಂತರ ಶಾಲೆ ನಡೆಸಿದ ಕ್ಲಿಯಾಂಥೀಸ್ ಈಗಿನ ಟರ್ಕಿಯ ಅಸ್ಸೋಸ್ ಊರಿನವನು. ರಾತ್ರಿ ತೋಟಗಳಿಗೆ ನೀರು ಹೊತ್ತು ಹಗಲು ಪಾಠ ಕೇಳಿದವನು. ಅವನ ನಂತರದ ಕ್ರಿಸಿಪ್ಪಸ್ ಕೂಡ ಈಗಿನ ಟರ್ಕಿಯ ದಕ್ಷಿಣ ತೀರದ ಸೊಲೋಯಿ ಊರಿನವನು. ಅಥೆನ್ಸಿನ ಜನ ಆ ಊರಿನ ಗ್ರೀಕನ್ನು ಎಷ್ಟು ಆಡಿಕೊಳ್ಳುತ್ತಿದ್ದರು ಅಂದರೆ, ವ್ಯಾಕರಣದ ತಪ್ಪಿಗೆ ಗ್ರೀಕರು ಬಳಸುತ್ತಿದ್ದ ‘ಸೊಲೊಯಿಕಿಸ್ಮೋಸ್’ ಎಂಬ ಪದವೇ ಆ ಊರಿನ ಹೆಸರಿನಿಂದ ಬಂತು ಅಂತ ಹಳೆಯ ಲೇಖಕರು ಬರೆದಿದ್ದಾರೆ. ಮೊದಲ ಮೂರು ಗುರುಗಳಲ್ಲಿ ಒಬ್ಬನೂ ಸ್ಥಳೀಯನಲ್ಲ. ಝೀನೋ ಮತ್ತು ಕ್ಲಿಯಾಂಥೀಸ್ ತಮ್ಮ ಊರಿಗೆ ದ್ರೋಹವಾಗಬಾರದು ಅಂತ ಅಥೆನ್ಸಿನ ಪೌರತ್ವ ಬೇಡವೆಂದರು, ಕ್ರಿಸಿಪ್ಪಸ್ ತೆಗೆದುಕೊಂಡ ಅಂತ ಪ್ಲುಟಾರ್ಕ್ ದಾಖಲಿಸಿದ್ದಾನೆ. ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇವತ್ತಿಗೂ ಮುಗಿಯದ ಚರ್ಚೆ ಇದು!

ಶರೀರ ಇದ್ದರಷ್ಟೇ ಇದೆ

ಈಗ ಮಣ್ಣಿಗೆ ಬರೋಣ. ಪ್ಲೇಟೋ ಹೇಳಿದ್ದು ಸ್ಥೂಲವಾಗಿ ಹೀಗೆ: ನಿಜವಾಗಿ ಇರುವುದು ಕಣ್ಣಿಗೆ ಕಾಣದ, ದೇಹವಿಲ್ಲದ, ಬದಲಾಗದ ಆದರ್ಶ ರೂಪಗಳು, ನಾವು ಮುಟ್ಟುವ ವಸ್ತುಗಳು ಅವುಗಳ ನೆರಳು. ಸ್ಟೋಯಿಕರು ಇದನ್ನು ತಲೆಕೆಳಗು ಮಾಡಿದರು. ಯಾವುದು ಇನ್ನೊಂದರ ಮೇಲೆ ಪರಿಣಾಮ ಮಾಡಬಲ್ಲದೋ ಅಥವಾ ಇನ್ನೊಂದರಿಂದ ಪರಿಣಾಮಕ್ಕೆ ಒಳಗಾಗಬಲ್ಲದೋ ಅದು ಮಾತ್ರ ಇದೆ. ಹಾಗೆ ಮಾಡಬಲ್ಲದ್ದು ಶರೀರ ಮಾತ್ರ. ಆದ್ದರಿಂದ ಕಲ್ಲು, ಬೆಂಕಿ ಮಾತ್ರವಲ್ಲ, ಆತ್ಮವೂ ಶರೀರವೇ. ದೇವರೂ ಶರೀರವೇ, ಧೈರ್ಯದಂಥ ಗುಣವೂ ಶರೀರವೇ. ಕ್ಲಿಯಾಂಥೀಸ್ ಕೊಟ್ಟ ವಾದ ತುಂಬಾ ಸರಳ. ನಾಚಿಕೆಯಾದರೆ ಮುಖ ಕೆಂಪಾಗುತ್ತದೆ, ಹೆದರಿದರೆ ಬಿಳಿಚಿಕೊಳ್ಳುತ್ತದೆ. ಆತ್ಮಕ್ಕೆ ಶರೀರವಿಲ್ಲದಿದ್ದರೆ ಅದು ಕೆನ್ನೆಯನ್ನು ಮುಟ್ಟೋದು ಹೇಗೆ?

ಇಷ್ಟಕ್ಕೇ ನಿಂತಿದ್ದರೆ ಇದು ಇನ್ನೊಂದು ಭೌತವಾದ ಆಗ್ತಿತ್ತು. ಆದರೆ ನಾಲ್ಕು ವಿಷಯಗಳು ಈ ಲೆಕ್ಕಕ್ಕೆ ಹೊಂದಲಿಲ್ಲ: ಶೂನ್ಯ, ಸ್ಥಳ, ಕಾಲ, ಮತ್ತು ‘ಲೆಕ್ಟಾನ್’. ಲೆಕ್ಟಾನ್ ಅಂದರೆ ಹೇಳಬಹುದಾದದ್ದು, ಮಾತಿನ ಮೂಲಕ ವ್ಯಕ್ತವಾಗುವ ಅರ್ಥ. ಇವಕ್ಕೆ ಶರೀರವಿಲ್ಲ, ಆದ್ದರಿಂದ ಇವು ‘ಇವೆ’ ಎನ್ನುವ ಹಾಗಿಲ್ಲ. ಹಾಗಂತ ಏನೂ ಅಲ್ಲ ಅಂತಲೂ ಅಲ್ಲ. ಸ್ಟೋಯಿಕರು ಇವಕ್ಕೆ ‘ಅಶರೀರಗಳು’ ಅಂದರು. ಇವು ಇರುವುದಿಲ್ಲ, ಶರೀರಗಳ ಆಸರೆಯಲ್ಲಿ ನೆಲೆ ನಿಲ್ಲುತ್ತವೆ. ಶರೀರ, ಅಶರೀರ ಎರಡನ್ನೂ ಒಳಗೊಳ್ಳುವಂತೆ ಎಲ್ಲಕ್ಕಿಂತ ದೊಡ್ಡ ವರ್ಗಕ್ಕೆ ಅವರಿಟ್ಟ ಹೆಸರು ‘ಇರುವಿಕೆ’ ಅಲ್ಲ, ಬರೀ ‘ಏನೋ ಒಂದು’.

ಇದನ್ನು ಬಿಡಿಸಲು ಅವರು ಕೊಟ್ಟ ಉದಾಹರಣೆ ಅಡುಗೆಮನೆಯದ್ದು. ಚಾಕು ಒಂದು ಶರೀರ, ಮಾಂಸ ಒಂದು ಶರೀರ. ಚಾಕು ಮಾಂಸಕ್ಕೆ ತಾಗಿದಾಗ ಏನು ಹುಟ್ಟುತ್ತದೆ? ಹೊಸ ಶರೀರವಲ್ಲ. ಮಾಂಸದ ಬಗ್ಗೆ ಒಂದು ಹೊಸ ಕ್ರಿಯಾಪದ ನಿಜವಾಗುತ್ತದೆ: ‘ಕೊಯ್ಯಲ್ಪಟ್ಟಿತು’. ಬೆಂಕಿ ಸೌದೆಗೆ ತಾಗಿದಾಗ ‘ಉರಿಯಿತು’. ಶರೀರವು ಶರೀರಕ್ಕೆ ಕಾರಣ, ಆದರೆ ಹುಟ್ಟುವ ಪರಿಣಾಮ ಅಶರೀರ. ಈಳಿಗೆ ಮಣೆಯಲ್ಲಿ ಬೆರಳು ಕೊಯ್ದುಕೊಂಡರೆ ಈಳಿಗೆ ಇದೆ, ಬೆರಳು ಇದೆ, ರಕ್ತ ಇದೆ. ‘ಕೊಯ್ದದ್ದು’ ಎಲ್ಲಿದೆ? ಈಳಿಗೆಯ ಅಲಗಿನಲ್ಲೂ ಇಲ್ಲ, ಚರ್ಮದಲ್ಲೂ ಇಲ್ಲ. ಅದು ಅವುಗಳ ಮೇಲ್ಮೈಯಲ್ಲಿ ಮಂಜಿನಂತೆ ಆಡುತ್ತದೆ.

ಕನ್ನಡ ಮಾತಾಡುವವರಿಗೆ ಇದು ಬೇಗ ಹಿಡಿಸಬೇಕು. ‘ಮರ ಹಸಿರಾಗಿದೆ’ ಅಂದರೆ ಮರದ ಗುಣ ಹೇಳಿದಂತೆ. ‘ಮರ ಚಿಗುರಿತು’ ಅಂದರೆ ಮರಕ್ಕೆ ಏನಾಯಿತು ಅಂತ ಹೇಳಿದಂತೆ. ಸ್ಟೋಯಿಕರ ಲೆಕ್ಟಾನ್ ಎರಡನೆಯ ಜಾತಿಯದ್ದು. ನಾವು ಫೋನಿನಲ್ಲಿ ಮೊದಲು ಕೇಳುವ ಪ್ರಶ್ನೆಯನ್ನೇ ನೋಡಿ: ಊಟ ಆಯ್ತಾ? ಅದು ಅನ್ನದ ಬಗ್ಗೆ ಅಲ್ಲ, ಹೊಟ್ಟೆಯ ಬಗ್ಗೆಯೂ ಅಲ್ಲ. ‘ಆಗುವ’ ಒಂದು ಸಂಗತಿಯ ಬಗ್ಗೆ. ಮದುವೆ ಆಯ್ತು, ಗಾಯ ಆಯ್ತು, ಮಳೆ ಆಯ್ತು.

ಎರಡನೇ ತಲೆಮಾರಿನ ಓದುಗರಿಗೆ ಇನ್ನೊಂದು ಉದಾಹರಣೆ. ಸೆಕ್ಸ್‌ಟಸ್ ಎಂಪಿರಿಕಸ್ ಸ್ಟೋಯಿಕರ ಈ ಮಾತನ್ನು ದಾಖಲಿಸಿದ್ದಾನೆ. ಯಾರೋ ‘ಡಿಯೋನ್’ ಅಂತ ಒಬ್ಬನ ಹೆಸರು ಹೇಳುತ್ತಾರೆ. ಆ ಸದ್ದು ಒಂದು ಶರೀರ, ಯಾಕಂದ್ರೆ ಅದು ಬಡಿದ ಗಾಳಿ. ಎದುರು ನಿಂತಿರುವ ಡಿಯೋನ್ ಇನ್ನೊಂದು ಶರೀರ. ಗ್ರೀಕ್ ಬಾರದ ಪರದೇಶಿಗೂ ಅದೇ ಸದ್ದು ಕೇಳುತ್ತದೆ, ಅವನಿಗೂ ಅದೇ ಡಿಯೋನ್ ಕಾಣುತ್ತಾನೆ. ಆದರೂ ಏನೋ ಒಂದು ಅವನಿಗೆ ಸಿಗುವುದಿಲ್ಲ. ಆ ಸಿಗದಿರುವ ಮೂರನೆಯದೇ ಲೆಕ್ಟಾನ್. ಅಜ್ಜಿ ಮನೆಯ ಜಗುಲಿಯಲ್ಲಿ ಎಲ್ಲರೂ ಜೋರಾಗಿ ನಗುವಾಗ, ಅದೇ ಸದ್ದು ಕೇಳಿಸಿಕೊಂಡು, ಅದೇ ಮುಖಗಳನ್ನು ನೋಡುತ್ತಾ ಸುಮ್ಮನೆ ಕೂತವರಿಗೆ ಈ ಅಶರೀರದ ತೂಕ ಎಷ್ಟು ಅಂತ ನಾನು ಹೇಳಬೇಕಿಲ್ಲ.

ನಮ್ಮ ಪುರಾಣದ ‘ಅಶರೀರವಾಣಿ’ ಎಂಬ ಪದ ನೆನಪಾಗಬಹುದು. ತಂಗಿಯ ಮದುವೆಯ ರಥ ಓಡಿಸುತ್ತಿದ್ದ ಕಂಸ, ಅವಳ ಎಂಟನೇ ಮಗು ನಿನ್ನನ್ನು ಕೊಲ್ಲುತ್ತದೆ ಎಂಬ ವಾಣಿ ಕೇಳುತ್ತಾನೆ. ರಥ ಅದೇ, ಕುದುರೆ ಅದೇ, ತಂಗಿಯೂ ಅವಳೇ. ಎಲ್ಲವೂ ಬದಲಾಗಿ ಹೋಯಿತು. ಸ್ಟೋಯಿಕನೊಬ್ಬ ಕೇಳಿದ್ದರೆ ಒಂದು ಸಣ್ಣ ತಿದ್ದುಪಡಿ ಮಾಡುತ್ತಿದ್ದ: ವಾಣಿಗೆ ಶರೀರ ಇದ್ದೇ ಇದೆ, ಅಶರೀರವಾಗಿರುವುದು ಅದರ ಅರ್ಥ.

ಎದುರಾಳಿಗಳು ಉಳಿಸಿಕೊಟ್ಟದ್ದು

ಕ್ರಿಸಿಪ್ಪಸ್ 705 ಕೃತಿಗಳನ್ನು ಬರೆದ ಅಂತ ಡಯೋಜಿನೀಸ್ ಲೆಕ್ಕ ಕೊಡುತ್ತಾನೆ. ಒಂದೂ ಪೂರ್ತಿಯಾಗಿ ಉಳಿದಿಲ್ಲ. ಝೀನೋ, ಕ್ಲಿಯಾಂಥೀಸರದ್ದೂ ಅದೇ ಗತಿ. ಇಡಿಯಾಗಿ ನಮ್ಮವರೆಗೆ ಬಂದ ಕೃತಿಗಳೆಲ್ಲ ಮುನ್ನೂರು ನಾನೂರು ವರ್ಷ ನಂತರದ ರೋಮನ್ ಕಾಲದವು. ಸೆನೆಕಾ, ಎಪಿಕ್ಟೀಟಸ್, ಮಾರ್ಕಸ್ ಔರೇಲಿಯಸ್ ಮೂವರಿಗೂ ಮುಖ್ಯವಾಗಿದ್ದದ್ದು ಬದುಕುವ ರೀತಿ. ಫಸಲು ಉಳಿದು ಮಣ್ಣು ಕೊಚ್ಚಿಹೋದದ್ದಕ್ಕೆ ಇದೊಂದು ದೊಡ್ಡ ಕಾರಣ.

ಮಣ್ಣಿನ ಬಗ್ಗೆ ಗೊತ್ತಿರುವುದೆಲ್ಲ ಹೆಚ್ಚಾಗಿ ಎದುರಾಳಿಗಳಿಂದ. ಸೆಕ್ಸ್‌ಟಸ್ ಎಲ್ಲವನ್ನೂ ಶಂಕಿಸುವ ಪಂಥದವನು. ಪ್ಲುಟಾರ್ಕ್ ಪ್ಲೇಟೋವಾದಿ, ಸ್ಟೋಯಿಕರ ವಿರೋಧಾಭಾಸಗಳ ಮೇಲೆ ಇಡೀ ಪುಸ್ತಕ ಬರೆದವನು. ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಕ್ರೈಸ್ತ ಪಂಡಿತ. ಖಂಡಿಸುವ ಮುಂಚೆ ಎದುರಾಳಿ ಏನು ಹೇಳಿದ ಅಂತ ಬರೆಯಬೇಕಲ್ಲ, ಹಾಗೆ ಬರೆದ ಸಾಲುಗಳಲ್ಲಿ ಕ್ರಿಸಿಪ್ಪಸ್ ಬದುಕಿಕೊಂಡ. ಚಾರ್ವಾಕರ ಮಾತು ನಮಗೆ ಬಹುಪಾಲು ಅವರನ್ನು ಖಂಡಿಸಿದವರಿಂದಲೇ ಸಿಕ್ಕಿದ ಹಾಗೆ. ಈ ಚೂರುಗಳನ್ನೆಲ್ಲ ಹೆಕ್ಕಿ, ವಿಂಗಡಿಸಿ ಜರ್ಮನ್ ವಿದ್ವಾಂಸ ಹಾನ್ಸ್ ಫಾನ್ ಆರ್ನಿಮ್ 1903 ಮತ್ತು 1905ರ ನಡುವೆ ಮೂರು ಸಂಪುಟ ಪ್ರಕಟಿಸಿದ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳೋದಾದರೆ, ಮೂಲ ಡೇಟಾಬೇಸ್ ಸುಟ್ಟುಹೋಗಿತ್ತು. ಬೇರೆಯವರ ಲಾಗ್ ಫೈಲುಗಳಿಂದ ಅದನ್ನು ಮತ್ತೆ ಕಟ್ಟಲಾಯಿತು.

ಇದಾದ ಕೆಲವೇ ವರ್ಷಗಳಲ್ಲಿ ಪ್ಯಾರಿಸ್‌ನಲ್ಲಿ ಎಮಿಲ್ ಬ್ರೆಯೆ ಎಂಬ ಯುವ ವಿದ್ವಾಂಸ, ಹಳೆಯ ಸ್ಟೋಯಿಕರ ಅಶರೀರಗಳ ಸಿದ್ಧಾಂತದ ಮೇಲೆ ನೂರು ಪುಟವೂ ಇಲ್ಲದ ಒಂದು ಪ್ರಬಂಧ ಬರೆದ. ಅವನ ಮುಖ್ಯ ಪ್ರಬಂಧ ಅಲೆಕ್ಸಾಂಡ್ರಿಯದ ಫೈಲೋ ಬಗ್ಗೆ. ಇದು ಅದರ ಜೊತೆಗೆ ಒಪ್ಪಿಸಬೇಕಿದ್ದ ಪೂರಕ ಬರಹ ಅಷ್ಟೇ. ಆದರೆ ಅಲ್ಲಿ ಅವನು ಒಂದು ಮುಖ್ಯ ವಿಷಯ ಗುರುತಿಸಿದ. ಸ್ಟೋಯಿಕರು ಇರುವಿಕೆಯನ್ನು ಎರಡಾಗಿ ಸೀಳಿದ್ದಾರೆ: ಆಳದಲ್ಲಿ ಒಂದನ್ನೊಂದು ಒತ್ತುವ, ಬೆರೆಯುವ ಶರೀರಗಳು, ಮೇಲ್ಮೈಯಲ್ಲಿ ಘಟನೆಗಳು. ವಸ್ತು, ಗುಣ ಎಂಬ ಜೋಡಿಯಿಂದ ಯೋಚಿಸುತ್ತಿದ್ದ ಅರಿಸ್ಟಾಟಲನ ತರ್ಕಕ್ಕೆ ಹೋಲಿಸಿದರೆ ಇದು ಬೇರೆಯದೇ ದಾರಿ. ಈ ಪುಸ್ತಿಕೆ 1928ರಲ್ಲಿ ಮರುಮುದ್ರಣವಾಯಿತು. 1953ರಲ್ಲಿ ವಿಕ್ಟರ್ ಗೋಲ್ಡ್‌ಶ್ಮಿಟ್ ಸ್ಟೋಯಿಕರ ಕಾಲದ ಕಲ್ಪನೆಯ ಮೇಲೆ ದೊಡ್ಡ ಗ್ರಂಥ ಬರೆದ. ಬ್ರೆಯೆ ತೀರಿಕೊಂಡು ಹತ್ತು ವರ್ಷದ ಮೇಲೆ, 1962ರಲ್ಲಿ, ಅವನ ಸ್ಟೋಯಿಕ್ ಅನುವಾದಗಳು ಪ್ಲೆಯಾದ್ ಮಾಲೆಯಲ್ಲಿ ಬಂದವು. ಆ ಹೊತ್ತಿಗೆ ಫ್ರೆಂಚ್ ಓದುಗನ ಮೇಜಿನ ಮೇಲೆ ಬೇಕಾದ್ದೆಲ್ಲ ಇತ್ತು.

1969: ಆ್ಯಲಿಸ್ ಮತ್ತು ಕ್ರಿಸಿಪ್ಪಸ್

ಜಿಲ್ ಡೆಲ್ಯೂಜ್ 1969ರಲ್ಲಿ ‘ಅರ್ಥದ ತರ್ಕ’ ಎಂಬ ಹೆಸರಿನ ಪುಸ್ತಕ ತಂದ. ಅಧ್ಯಾಯಗಳ ಬದಲು 34 ‘ಸರಣಿ’ಗಳು. ಒಂದು ಕೈಯಲ್ಲಿ ಲೂಯಿಸ್ ಕ್ಯಾರಲ್‌ನ ಆ್ಯಲಿಸ್, ಇನ್ನೊಂದರಲ್ಲಿ ಕ್ರಿಸಿಪ್ಪಸ್. ಬ್ರೆಯೆಯ ಋಣವನ್ನು ಅವನು ಮುಚ್ಚಿಡುವುದಿಲ್ಲ. ಎರಡನೇ ಸರಣಿಯಲ್ಲೇ ಆ ಹಳೆಯ ಪುಸ್ತಿಕೆಯನ್ನು ಎತ್ತಿಕೊಳ್ಳುತ್ತಾನೆ.

ಆ್ಯಲಿಸ್ ಯಾಕೆ? ಆ್ಯಲಿಸ್ ‘ದೊಡ್ಡವಳಾಗುತ್ತಾಳೆ’ ಅನ್ನಿ. ಅವಳು ಮುಂಚೆಗಿಂತ ದೊಡ್ಡವಳು, ಇನ್ನು ಸ್ವಲ್ಪ ಹೊತ್ತಿಗೆ ಆಗುವುದಕ್ಕಿಂತ ಚಿಕ್ಕವಳು, ಎರಡೂ ಒಟ್ಟಿಗೇ. ಅವಳ ಎತ್ತರ ಇಂಥ ಕ್ಷಣದಲ್ಲಿ ಇಷ್ಟು ಅಂತ ಅಳೆಯಬಹುದು. ‘ದೊಡ್ಡದಾಗುವುದನ್ನು’ ಯಾವ ಕ್ಷಣದಲ್ಲಿ ಹಿಡಿಯುತ್ತೀರಿ? ಬೆರಳಿನ ಉದಾಹರಣೆಗೇ ಬಂದರೆ, ‘ಕೊಯ್ದ ಕ್ಷಣ’ ಯಾವುದು? ಒಂದೋ ಇನ್ನೂ ಕೊಯ್ದಿಲ್ಲ, ಇಲ್ಲವೇ ಆಗಲೇ ಕೊಯ್ದಾಗಿದೆ. ಶರೀರಗಳು ವರ್ತಮಾನದಲ್ಲಿ ಬದುಕುತ್ತವೆ. ಘಟನೆ ಯಾವಾಗಲೂ ಸ್ವಲ್ಪ ಮುಂಚೆ ಮತ್ತು ಸ್ವಲ್ಪ ಆಮೇಲೆ. ಮೊದಲ ಕಾಲಕ್ಕೆ ಡೆಲ್ಯೂಜ್ ಕ್ರೋನೋಸ್ ಅಂದ, ಎರಡನೆಯದಕ್ಕೆ ಅಯೋನ್.

ಅವನಿಗೆ ಪ್ರಿಯವಾದ ಇನ್ನೊಂದು ಉದಾಹರಣೆ ಕದನ. ಕದನ ಎಲ್ಲಿದೆ? ಕತ್ತಿ, ಕುದುರೆ, ಹೆಣ ಎಲ್ಲಾ ಕಾಣುತ್ತವೆ. ಪ್ರತಿಯೊಬ್ಬ ಸೈನಿಕನಿಗೂ ತನ್ನ ಪಕ್ಕದ ಹತ್ತು ಅಡಿ ಕಾಣುತ್ತದೆ. ‘ಗೆದ್ದರು’, ‘ಸೋತರು’ ಎಂಬುದು ಮಾತ್ರ ಮೈದಾನದ ಯಾವ ಜಾಗದಲ್ಲೂ ಇಲ್ಲ, ಆದರೆ ಇಡೀ ಮೈದಾನದ ಮೇಲೆ ತೂಗುತ್ತಿರುತ್ತದೆ. ಮ್ಯಾರಥಾನ್ ಚಿತ್ರದ ಕೆಳಗೆ ಕೂತು ಪಾಠ ಕೇಳಿದ ಝೀನೋನ ಹುಡುಗರಿಗೂ ಗೋಡೆ ನೋಡಿ ಇದೇ ಅನುಮಾನ ಬಂದಿತ್ತೋ ಏನೋ ಅಂತ ನಾನು ಒಮ್ಮೊಮ್ಮೆ ಊಹಿಸಿಕೊಳ್ಳುತ್ತೇನೆ.

ಇದರಿಂದ ಡೆಲ್ಯೂಜ್‌ಗೆ ಸಿಕ್ಕಿದ್ದೇನು? ಅರ್ಥ ಎಂಬುದು ಮೇಲೆ ಸ್ವರ್ಗದಲ್ಲಿ ಮೊದಲೇ ಸಿದ್ಧವಾಗಿಲ್ಲ, ಕೆಳಗೆ ಮನಸ್ಸಿನ ಆಳದಲ್ಲಿ ಹೂತುಕೊಂಡೂ ಇಲ್ಲ. ವಸ್ತುಗಳಿಗೂ ಮಾತಿಗೂ ನಡುವಿನ ತೆಳ್ಳನೆಯ ಮೇಲ್ಮೈಯಲ್ಲಿ, ಆಗುವ ಸಂಗತಿಯಾಗಿ, ಅದು ಹುಟ್ಟುತ್ತದೆ. ಪ್ಲೇಟೋವನ್ನು ತಲೆಕೆಳಗು ಮಾಡುವುದು ಆಧುನಿಕ ತತ್ವಶಾಸ್ತ್ರದ ಕೆಲಸ ಅಂತ ನೀಚೆ ನಂತರದವರು ಹೇಳುತ್ತಿದ್ದರಲ್ಲ, ಆ ಕೆಲಸ ಮೊದಲು ಮಾಡಿದವರು ಸ್ಟೋಯಿಕರು ಅಂತ ಡೆಲ್ಯೂಜ್ ತೋರಿಸಿದ. ಮಿಶೆಲ್ ಫೂಕೋ ಮರುವರ್ಷವೇ ಆ ಪುಸ್ತಕದ ಬಗ್ಗೆ ದೀರ್ಘವಾಗಿ ಬರೆದ. 1970ರ ಡಿಸೆಂಬರ್ 2ರಂದು ಕೊಲೇಜ್ ದ ಫ್ರಾನ್ಸ್‌ನಲ್ಲಿ ತನ್ನ ಮೊದಲ ಉಪನ್ಯಾಸ ಕೊಡುವಾಗ, ತನಗೆ ಬೇಕಾದ ದಾರಿ ‘ಅಶರೀರದ ಭೌತವಾದ’ ಎಂಬ ವಿರೋಧಾಭಾಸದ ಕಡೆಗೆ ಇದೆ ಅಂದ. ಹತ್ತು ವರ್ಷದ ನಂತರ ಫೂಕೋ ಮತ್ತೆ ಸ್ಟೋಯಿಕರ ಬಳಿ ಬಂದದ್ದು ಬೇರೆ ಕಾರಣಕ್ಕೆ, ಮನುಷ್ಯ ತನ್ನನ್ನು ತಾನು ನೋಡಿಕೊಳ್ಳುವ ಅಭ್ಯಾಸಗಳಿಗಾಗಿ. ಪಿಯರ್ ಆದೋ ಬರೆದದ್ದೂ ಆ ಬಗ್ಗೆಯೇ. ಇವತ್ತಿನ ಜನಪ್ರಿಯ ಸ್ಟೋಯಿಕ್ ಅಲೆ ಹೆಚ್ಚು ಹತ್ತಿರ ಇರೋದು ಈ ಎರಡನೇ ಕವಲಿಗೆ. ನಮ್ಮ ಪ್ರಶ್ನೆಗೆ ಬೇಕಾದ್ದು ಮೊದಲನೆಯದು.

ಹಾಸಿಗೆಯಲ್ಲಿ 32 ವರ್ಷ

ಜೋ ಬೂಸ್ಕೆ 1897ರಲ್ಲಿ ದಕ್ಷಿಣ ಫ್ರಾನ್ಸ್‌ನ ನಾರ್ಬೋನ್‌ನಲ್ಲಿ ಹುಟ್ಟಿದವನು. 1918ರ ಮೇ 27ರಂದು, ಮೊದಲ ಮಹಾಯುದ್ಧ ಮುಗಿಯಲು ಆರು ತಿಂಗಳೂ ಇಲ್ಲದಾಗ, ವೈಯಿ ಎಂಬಲ್ಲಿ ಗುಂಡು ಅವನ ಬೆನ್ನುಹುರಿಗೆ ತಗುಲಿತು. ವಯಸ್ಸು 21. ಸೊಂಟದ ಕೆಳಗೆ ಚಲನೆ ಇಲ್ಲ. ನಂತರದ 32 ವರ್ಷ, 1950ರಲ್ಲಿ ಸಾಯುವವರೆಗೆ, ಅವನು ಬದುಕಿದ್ದು ಬಹುಪಾಲು ಕಾರ್ಕಾಸೋನ್ ಊರಿನ ಒಂದು ಕೋಣೆಯಲ್ಲಿ, ಕಿಟಕಿ ಮುಚ್ಚಿಕೊಂಡು, ಹಾಸಿಗೆಯ ಮೇಲೆ. ಅಲ್ಲಿಂದಲೇ ಕವಿತೆ, ಡೈರಿ, ಪತ್ರ ಬರೆದ. ಪಾಲ್ ಎಲ್ಯೂಆರ್, ಮ್ಯಾಕ್ಸ್ ಅರ್ನ್ಸ್ಟ್ ಅವನ ಗೆಳೆಯರು. 1942ರಲ್ಲಿ ಸಿಮೋನ್ ವೇಯ್ ಆ ಕೋಣೆಗೆ ಹೋಗಿ ಅವನನ್ನು ಕಂಡಳು.

ಡೆಲ್ಯೂಜ್ ‘ಘಟನೆ’ಯ ಬಗ್ಗೆ ಬರೆದ ಸರಣಿಯಲ್ಲಿ ಬೂಸ್ಕೆಯನ್ನು ಸ್ಟೋಯಿಕ್ ಅನ್ನಬೇಕು ಅನ್ನುತ್ತಾನೆ. ಬೂಸ್ಕೆಯ ಯೋಚನೆಯ ತಿರುಳು ಇದು: ಈ ಗಾಯ ನನಗಿಂತ ಮುಂಚೆಯೇ ಇತ್ತು, ಅದಕ್ಕೆ ಮೈ ಕೊಡಲು ನಾನು ಹುಟ್ಟಿದೆ. ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಇದೇನು ಹಣೆಬರಹವನ್ನು ಹೂವಿಟ್ಟು ಪೂಜಿಸೋದು?

ಆದರೆ ಶರೀರ ಮತ್ತು ಘಟನೆಯ ಸೀಳನ್ನು ನೆನಪಿಟ್ಟು ಓದಿ. ಗುಂಡು ಶರೀರ. ಬೆನ್ನುಹುರಿ ಶರೀರ. ಗುಂಡು ಹಾರಿಸಿದವನು, ಅವನನ್ನು ಕಳಿಸಿದ ಸೈನ್ಯ, ಯುದ್ಧ ಸಾರಿದ ಸರ್ಕಾರಗಳು ಎಲ್ಲವೂ ಶರೀರಗಳ ಲೋಕದ್ದು, ಕಾರಣಗಳೆಲ್ಲ ಅಲ್ಲೇ. ‘ಗಾಯಗೊಳ್ಳುವುದು’ ಎಂಬ ಕ್ರಿಯಾಪದ ಮಾತ್ರ ಬೇರೆ ಜಾತಿಯದ್ದು. ಅದು ಯಾವುದಕ್ಕೂ ಕಾರಣವಲ್ಲ, ಯಾರ ಸ್ವತ್ತೂ ಅಲ್ಲ. ಅದಕ್ಕೆ ಯಾವ ಬದುಕಿನಲ್ಲಿ, ಯಾವ ಆಕಾರ ಸಿಗುತ್ತದೆ ಎಂಬುದು ಗುಂಡು ತೀರ್ಮಾನಿಸಿದ ವಿಷಯವಲ್ಲ. ಬೂಸ್ಕೆ ಹೌದು ಅಂದದ್ದು ಗುಂಡಿಗಲ್ಲ. ಡೆಲ್ಯೂಜ್ ಇದನ್ನೇ ಬಿಡಿಸಿ ಹೇಳುತ್ತಾನೆ: ಆಗುವುದನ್ನೆಲ್ಲ ಬಯಸುವುದಲ್ಲ, ಆಗುವುದರ ಒಳಗಿನ ಏನನ್ನೋ ಬಯಸುವುದು, ನಮಗೆ ಆಗುವುದಕ್ಕೆ ನಾವು ತಕ್ಕವರಾಗುವುದು. ಕೊರಗು, ಹಗೆ, ತಲೆಬಾಗುವಿಕೆ ಮೂರೂ ಅವನಿಗೆ ಒಂದೇ ಜಾತಿಯ ಸೋಲು. ಯುದ್ಧದ ಘಟನೆಗೆ ತಕ್ಕವರಾಗುವುದು ಅಂದರೆ ಯುದ್ಧವನ್ನು ಒಪ್ಪುವುದಲ್ಲ, ಅದನ್ನು ಎಲ್ಲ ಯುದ್ಧಗಳ ವಿರುದ್ಧ ತಿರುಗಿಸುವುದು.

ಡೆಲ್ಯೂಜ್ ಇಲ್ಲಿ ಬುದ್ಧಿಮಾತು ಹೇಳಿ ಮುಗಿಸಲಿಲ್ಲ ಎಂಬುದು ಮುಖ್ಯ. ಮರು ಸರಣಿಯಲ್ಲೇ ತನ್ನನ್ನೇ ಕೇಳಿಕೊಳ್ಳುತ್ತಾನೆ: ಬೂಸ್ಕೆಯ ಗಾಯ, ಫಿಟ್ಜೆರಾಲ್ಡ್‌ನ ಕುಡಿತ, ನೀಚೆಯ ಹುಚ್ಚು, ಇವುಗಳ ಬಗ್ಗೆ ದಡದಲ್ಲಿ ನಿಂತು ಸುಖವಾಗಿ ಮಾತಾಡುವ ತತ್ವಜ್ಞಾನಿಗಿಂತ ಹಾಸ್ಯಾಸ್ಪದ ಇನ್ನೇನಿದೆ? ಹಾಗೆ ಕೇಳಿದವನು ಆ ಹೊತ್ತಿಗೆ ಕ್ಷಯ ಉಲ್ಬಣಿಸಿ ಶ್ವಾಸಕೋಶದ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾಗುತ್ತಿದ್ದ. ಉಸಿರಾಟದ ತೊಂದರೆ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಒಂದು ವಾಕ್ಯ, ಒಂದು ಇಮೇಲ್

1980ರಲ್ಲಿ ಫೆಲಿಕ್ಸ್ ಗ್ವತಾರಿ ಜೊತೆ ಬರೆದ ‘ಸಾವಿರ ಪ್ರಸ್ಥಭೂಮಿಗಳು’ ಪುಸ್ತಕದಲ್ಲಿ ಡೆಲ್ಯೂಜ್ ಇದೇ ವಿಚಾರವನ್ನು ಬೀದಿಗೆ ತಂದ. ನ್ಯಾಯಾಧೀಶ ತೀರ್ಪು ಓದುತ್ತಾನೆ; ಆರೋಪಿ ಅಪರಾಧಿಯಾಗುತ್ತಾನೆ. ಅವನ ಮೈಯ ಒಂದು ಕೂದಲೂ ಆ ಕ್ಷಣದಲ್ಲಿ ಬದಲಾಗಿಲ್ಲ. ಪಿಸ್ತೂಲು ಹಿಡಿದವನು ವಿಮಾನದಲ್ಲಿ ಎದ್ದು ನಿಂತು ಒಂದು ಮಾತು ಹೇಳುತ್ತಾನೆ. ಪ್ರಯಾಣಿಕರು ಒತ್ತೆಯಾಳುಗಳಾಗುತ್ತಾರೆ, ವಿಮಾನ ಜೈಲಾಗುತ್ತದೆ. ಇವನ್ನು ಅವರು ‘ಅಶರೀರ ಪರಿವರ್ತನೆ’ ಎಂದು ಕರೆದರು, ಸ್ಟೋಯಿಕರ ಹೆಸರು ಹೇಳಿಯೇ. ಆ ಅಧ್ಯಾಯದ ನೆತ್ತಿಯ ಮೇಲೆ ಒಂದು ತಾರೀಖಿದೆ: 1923ರ ನವೆಂಬರ್ 20. ಜರ್ಮನಿಯ ಮಹಾ ಹಣದುಬ್ಬರದ ಕೊನೆ. ಹಳೆಯ ಒಂದು ಲಕ್ಷ ಕೋಟಿ ಮಾರ್ಕ್‌ಗೆ ಒಂದು ಹೊಸ ರೆಂಟನ್‌ಮಾರ್ಕ್ ಎಂಬ ಘೋಷಣೆ ನೆಲೆಗೊಂಡ ದಿನಗಳು ಅವು. ಕಾಗದ ಅದೇ ಕಾಗದ. ಬದಲಾದದ್ದು ಅದರ ಬಗ್ಗೆ ಹೇಳಬಹುದಾದದ್ದು.

ಹೊರದೇಶದಲ್ಲಿರುವ ನಾವು ಇಂಥ ಪರಿವರ್ತನೆಗಳ ಮೇಲೆಯೇ ಬದುಕು ಕಟ್ಟಿಕೊಂಡವರು. ಬಲಗೈ ಎತ್ತಿ ಪ್ರಮಾಣವಚನ ಮುಗಿಸುತ್ತೇವೆ; ಆ ವಾಕ್ಯದ ಈ ಕಡೆ ಭಾರತದ ಪ್ರಜೆ, ಆ ಕಡೆ ಅಲ್ಲ. ಝೀನೋ ಬೇಡವೆಂದದ್ದು, ಕ್ರಿಸಿಪ್ಪಸ್ ಒಪ್ಪಿದ್ದು ಇಂಥದ್ದೊಂದನ್ನೇ.

ನನಗೆ ಅದು ಬಂದದ್ದು ಇಮೇಲ್ ರೂಪದಲ್ಲಿ. ಬೆಳಗ್ಗೆ ಆರೂವರೆ, ಕಾಫಿ ಲೋಟ ಇನ್ನೂ ಬಿಸಿ. ಮೂರು ಪ್ಯಾರಾ. ಓದಿ ಮುಗಿಸುವಷ್ಟರಲ್ಲಿ ಕಂಪನಿಯ ಲ್ಯಾಪ್‌ಟಾಪ್ ಲಾಕ್ ಆಯಿತು. ಕುರ್ಚಿ ಅದೇ, ಬೆರಳು ಅದೇ, ಕಲಿತಿದ್ದೆಲ್ಲ ತಲೆಯಲ್ಲಿ ಹಾಗೇ ಇದೆ. ಆದರೆ ಎಚ್1ಬಿ ವೀಸಾದಲ್ಲಿದ್ದವನಿಗೆ ಆ ಮೂರು ಪ್ಯಾರಾದ ಅರ್ಥ, ಹೆಚ್ಚೆಂದರೆ 60 ದಿನದೊಳಗೆ ಹೊಸ ಕೆಲಸ ಇಲ್ಲವೇ ಗಂಟುಮೂಟೆ. ಮೂರು ವಾರ ನಾನು ಮನೆಗೆ ಹೇಳಲಿಲ್ಲ. ಅಮ್ಮ ಫೋನಿನಲ್ಲಿ ಊಟ ಆಯ್ತಾ ಅಂದರೆ ಆಯ್ತು ಅನ್ನುತ್ತಿದ್ದೆ, ಆಗದಿದ್ದಾಗಲೂ. ಒಬ್ಬ ಗೆಳೆಯ ಸ್ಟೋಯಿಕ್ ಆ್ಯಪ್ ಒಂದನ್ನು ಕಳಿಸಿದ. ದಿನಕ್ಕೊಂದು ನೋಟಿಫಿಕೇಶನ್: ಕೈಯಲ್ಲಿಲ್ಲದ್ದನ್ನು ಬಿಡು. ನನಗೆ ಕೇಳಿದ್ದು ‘ಗಲಾಟೆ ಮಾಡಬೇಡ’ ಅಂತ. ಅನ್‌ಇನ್‌ಸ್ಟಾಲ್ ಮಾಡಿದೆ.

ಆ ಖಾಲಿ ದಿನಗಳಲ್ಲಿ ಮಾಸ್ಟರ್ಸ್ ಓದುವಾಗ ಕೊಂಡು ಓದದೇ ಇಟ್ಟಿದ್ದ ಡೆಲ್ಯೂಜ್ ಕೈಗೆ ಬಂತು. ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಅರ್ಥವಾದ ಒಂದು ವಿಷಯ ಸಾಕಾಯಿತು. ನನ್ನೆದುರು ಇದ್ದದ್ದು ಒಂದಲ್ಲ, ಎರಡು. ಒಂದು ಕಡೆ ಶರೀರಗಳು: ಬಾಡಿಗೆ, ಉಳಿತಾಯ, ವಕೀಲರ ಫೀಸು, ಇಂಥವರನ್ನು ತೆಗೆಯಿರಿ ಅಂತ ಪಟ್ಟಿ ಮಾಡಿದ ಮನುಷ್ಯರು. ಅಲ್ಲಿ ಹೋರಾಡಬೇಕು, ಲೆಕ್ಕ ಕೇಳಬೇಕು. ಇನ್ನೊಂದು ಕಡೆ ‘ಕೆಲಸ ಹೋಯ್ತು’ ಎಂಬ ಕ್ರಿಯಾಪದ. ಅದರ ಜೊತೆ ಹೋರಾಡಿ ಪ್ರಯೋಜನವಿಲ್ಲ. ಅದನ್ನು ಮುಚ್ಚಿಟ್ಟುಕೊಂಡು ಕೊಳೆಸಬಹುದು, ಇಲ್ಲವೇ ಹೇಳಿ ಹೊರಬಹುದು. ಆ ಭಾನುವಾರ ಅಮ್ಮನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಯ್ತಾ? ಹೋಗ್ಲಿ. ಯಾರು ತೆಗೆದದ್ದು?” ಅಂತ ಕೇಳಿದರು. ಎಮಿಲ್ ಬ್ರೆಯೆ ಒಂದು ಪ್ರಬಂಧದಲ್ಲಿ ಹೇಳಿದ್ದು ಆ ಮೂರು ತುಣುಕು ಮಾತಿನಲ್ಲಿತ್ತು. ಘಟನೆಗೆ ‘ಹೋಗ್ಲಿ’, ಕಾರಣಕ್ಕೆ ‘ಯಾರು?’

ಕನ್ನಡದ ‘ಆಯ್ತು, ಹೋಯ್ತು’ಗಳಲ್ಲಿ ಒಂದು ಅಪಾಯವೂ ಇದೆ. ಅವುಗಳಲ್ಲಿ ಕರ್ತೃ ಕಾಣುವುದಿಲ್ಲ. ಪ್ರಾಣ ಹೋಯ್ತು, ಜಮೀನು ಹೋಯ್ತು. ಘಟನೆಯನ್ನಷ್ಟೇ ಹೇಳಿ ಶರೀರಗಳನ್ನು ಮರೆಸಿದರೆ ಅದು ತತ್ವವಲ್ಲ, ಕೇಳುಗರು ಹೇಳಿದ ಹಾಗೆ ಬಾಯಿ ಮುಚ್ಚಿಸೋದು.

ಡೆಲ್ಯೂಜ್ ಎಷ್ಟು ಸ್ಟೋಯಿಕ್?

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು. ಡೆಲ್ಯೂಜ್ ಕಟ್ಟಿದ ಸ್ಟೋಯಿಕರು ಪೂರ್ತಿ ಹಳೆಯ ಸ್ಟೋಯಿಕರಲ್ಲ. ಕ್ರೋನೋಸ್, ಅಯೋನ್ ಎಂಬ ಅಚ್ಚುಕಟ್ಟಾದ ಜೋಡಿ ಕ್ರಿಸಿಪ್ಪಸ್‌ನ ಚೂರುಗಳಲ್ಲಿ ಹಾಗೆ ಸಿಗುವುದಿಲ್ಲ. ಅದು ಗೋಲ್ಡ್‌ಶ್ಮಿಟ್ ಓದಿನ ಮೇಲೆ ಡೆಲ್ಯೂಜ್ ಕಟ್ಟಿದ್ದು. ಅದಕ್ಕಿಂತ ದೊಡ್ಡ ವ್ಯತ್ಯಾಸ ದೇವರದ್ದು. ಹಳೆಯ ಸ್ಟೋಯಿಕರಿಗೆ ಇಡೀ ಜಗತ್ತು ವಿವೇಕವುಳ್ಳ ಒಂದೇ ಜೀವ. ವಿಧಿ ಅಂದರೆ ಆ ವಿವೇಕ ಹೆಣೆದ ಕಾರಣಗಳ ಸರಪಳಿ. ಅವರು ಆದದ್ದನ್ನು ಒಪ್ಪುತ್ತಿದ್ದದ್ದು ಅದರ ಹಿಂದೆ ಒಳ್ಳೆಯ ವ್ಯವಸ್ಥೆಯಿದೆ ಎಂಬ ನಂಬಿಕೆಯಿಂದ. ಡೆಲ್ಯೂಜ್ ಮಣ್ಣಿನ ಆ ಪದರವನ್ನು ತೆಗೆದುಹಾಕಿ ಅಶರೀರವನ್ನು ಮಾತ್ರ ಉಳಿಸಿಕೊಂಡ. ಘಟನೆಗೂ ಕಾರಣಕ್ಕೂ ಬೇರೆ ಬೇರೆ ಉತ್ತರ ಕೊಡಬಹುದು ಎಂಬ ನನ್ನ ತೀರ್ಮಾನವನ್ನು ಕ್ರಿಸಿಪ್ಪಸ್ ಒಪ್ಪುತ್ತಿರಲಿಲ್ಲವೇನೋ. ಅವನ ಪ್ರಕಾರ ಕಾರಣಗಳ ಸರಪಳಿಯೂ ಒಳ್ಳೆಯದೇ. ಅಷ್ಟು ನಂಬಿಕೆ ನನ್ನಲ್ಲಿಲ್ಲ.

ಆದರೂ ಸೀಳು ಅವರದೇ. ಶರೀರ ಮಾತ್ರ ಇದೆ ಅಂತ ಹಟ ಹಿಡಿದವರು, ತಮ್ಮ ಲೆಕ್ಕಕ್ಕೆ ಹೊಂದದ ‘ಏನೋ ಒಂದನ್ನು’ ಅಳಿಸಿಹಾಕದೆ ಅದಕ್ಕೊಂದು ಜಾಗ ಮಾಡಿಕೊಟ್ಟರು. ಮಾಡೆಲ್‌ಗೆ ಹೊಂದದ ಸಾಲುಗಳನ್ನು ಸದ್ದಿಲ್ಲದೆ ಡಿಲೀಟ್ ಮಾಡುವ ಆಸೆ ದಿನಾ ಬರುವ ಕೆಲಸ ನನ್ನದು. ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಹಾಗಾಗಿ ಮೆಸೇಜ್ ಕಳಿಸಿದವರಿಗೆ ನನ್ನ ಉತ್ತರ. ಒಪ್ಪಿಕೋ ಅಂತ ಯಾರಾದರೂ ಹೇಳಿದಾಗ ಯಾವುದನ್ನು ಅಂತ ಕೇಳಿ. ಚಾಕುವನ್ನಾ, ‘ಕೊಯ್ದದ್ದನ್ನಾ’? ಚಾಕುವನ್ನೂ ಒಪ್ಪಿಕೋ ಅನ್ನುವವರ ಹತ್ತಿರ ಹುಷಾರಾಗಿರಿ. ನನಗೆ ಕೆಲಸ ಸಿಕ್ಕಿತು, 52ನೇ ದಿನ. ಸಿಗದಿದ್ದರೂ ಇದನ್ನೇ ಬರೆಯುತ್ತಿದ್ದೆನಾ? ಗೊತ್ತಿಲ್ಲ. ಬೂಸ್ಕೆ ಬರೆದ, 32 ವರ್ಷ. ದಡದಲ್ಲಿ ನಿಂತು ನಾನು ಅಷ್ಟು ಹೇಳಬಲ್ಲೆ.

ಮುಂದಿನ ಸಂಚಿಕೆಯಲ್ಲಿ ಎಪಿಕ್ಟೀಟಸ್, ಗುಲಾಮನಾಗಿ ಹುಟ್ಟಿ ಗುರುವಾದವನು. ನಿಮ್ಮ ಮನೆಮಾತಿನಲ್ಲಿ ‘ಆಯ್ತು’ ಎಂಬ ಪದವನ್ನು ಎಲ್ಲೆಲ್ಲಿ ಬಳಸುತ್ತೀರಿ ಅಂತ ಒಮ್ಮೆ ಗಮನಿಸಿ, ಬರೆದು ಕಳಿಸಿ.